ಗೇರಿಲ್ಲದ ಬಗ್ಗಿ ಮತ್ತು ನಾನು ಹಾಕಿದ ಸಹಿಗಳು

ಶೋರೂಮಿನ ಗೋಡೆಗೆ ಬಿಳಿ ಪರದೆ ಕಟ್ಟಿ ಕಂಪನಿಯವರು ತೋರಿಸಿದ ಮೊದಲ ಚಿತ್ರದಲ್ಲೇ ಹಿಮ ಬೀಳುತ್ತಿತ್ತು. ಸುತ್ತ ಪೈನ್ ಮರಗಳು, ನಡುವೆ ನಮ್ಮ ಹೊಸ ಮಾದರಿಯ ಗಾಡಿ, ಅದರ ಮೇಲೆ ಕೈಗವಸು ಹಾಕಿಕೊಂಡು ನಗುತ್ತಿರುವ ಒಬ್ಬ ಗಡ್ಡದವನು. ಎದುರಿಗೆ ಕುರ್ಚಿಗಳಲ್ಲಿ ಕೂತಿದ್ದವರು ಕುವೈತಿನ ಮರಳುಗಾಡಿನಲ್ಲಿ ಹುಟ್ಟಿ ಬೆಳೆದ ಸವಾರರು. ಹೊರಗೆ ಅಕ್ಟೋಬರಿನ ಸೆಖೆ. ಈ ಚಿತ್ರವನ್ನು ಆರಿಸಿದವನಿಗೆ ಭೂಗೋಳ ಕಲಿಸಿದ ಮೇಷ್ಟ್ರು ಯಾರಿರಬಹುದು ಎಂದು ನಾನು ಹಿಂದಿನ ಸಾಲಿನಲ್ಲಿ ನಿಂತು ಹಲ್ಲು ಕಡಿದೆ.

ನಾಲ್ಕು ದಪ್ಪ ಟಯರುಗಳ ಮೇಲೆ, ಕುದುರೆ ಏರಿದ ಹಾಗೆ ಎರಡೂ ಕಡೆ ಕಾಲು ಹಾಕಿ ಕೂತು ಓಡಿಸುವ ಈ ಗಾಡಿಗೆ ಅಲ್ಲಿ ಎಲ್ಲರೂ ಬಗ್ಗಿ ಎನ್ನುತ್ತಾರೆ. ಚಳಿಗಾಲ ಬಂತೆಂದರೆ ಕುವೈತಿನವರು ಊರಾಚೆ ಮರಳಿನಲ್ಲಿ ಡೇರೆ ಹಾಕುತ್ತಾರೆ. ನವೆಂಬರಿನಿಂದ ಮಾರ್ಚಿನ ತನಕ ರಜೆಯೆಲ್ಲ ಅಲ್ಲೇ. ಡೇರೆ ಇದ್ದಲ್ಲಿ ಬಗ್ಗಿ ಇರಲೇಬೇಕು. ಆ ಬಗ್ಗಿಗಳನ್ನು ಮಾರುವ ಡೀಲರನ ವರ್ಕ್‌ಶಾಪ್ ಸಬ್ಹಾನಿನಲ್ಲಿತ್ತು, ನಾನು ಅಲ್ಲಿ ಹಿರಿಯ ಮೆಕ್ಯಾನಿಕ್. ಕೆಟ್ಟ ಗಾಡಿಯನ್ನು ಬಿಚ್ಚಿ ನೋಡಿ, ಯಾಕೆ ಕೆಟ್ಟಿತು ಎಂಬುದನ್ನು ವಾರಂಟಿ ಫಾರಮ್ಮಿನಲ್ಲಿ ಬರೆದು ಸಹಿ ಹಾಕುವ ಅಧಿಕಾರ ಇಡೀ ವರ್ಕ್‌ಶಾಪಿನಲ್ಲಿ ನನಗೊಬ್ಬನಿಗೇ ಇತ್ತು.

ಕಂಪನಿಯ ಪ್ರತಿನಿಧಿ ಬಟ್ಟೆ ಸರಿಸಿ ಹೊಸ ಸಾಲಿನ ನಾಲ್ಕು ಮಾದರಿಗಳನ್ನು ತೋರಿಸಿದ. ನಾಲ್ಕಕ್ಕೂ ಗೇರಿಲ್ಲ, ಕ್ಲಚ್ಚಿಲ್ಲ, ಚೈನಿಲ್ಲ. ಹೆಬ್ಬೆರಳಲ್ಲಿ ಒತ್ತಿದರೆ ಮುಂದೆ ಹೋಗುತ್ತದೆ, ಅಷ್ಟೆ. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವುದು ಒಂದು ಡಬ್ಬಿಯೊಳಗೆ ಎರಡು ಪುಲ್ಲಿಗಳ ನಡುವೆ ತಿರುಗುವ ರಬ್ಬರ್ ಬೆಲ್ಟು. ಇದೇ ಕಂಪನಿಯ ಹಿಮದ ಗಾಡಿಗಳಲ್ಲಿ ಬಹಳ ವರ್ಷ ಪಳಗಿದ ಬೆಲ್ಟು ಇದು ಎಂದು ಪ್ರತಿನಿಧಿ ಹೆಮ್ಮೆಯಿಂದ ಹೇಳಿದ. ದಿಬ್ಬ ಏರುವವರೆಲ್ಲ ಮೆಚ್ಚಿ ಮುಗಿಬೀಳುತ್ತಿದ್ದ ಹಳೆಯ ಐದು ಗೇರಿನ ಮಾದರಿಯನ್ನು ಇನ್ನು ಮುಂದೆ ಮಾಡುವುದೇ ಇಲ್ಲ ಎಂಬುದನ್ನು ಮಾತ್ರ ಕೊನೆಯಲ್ಲಿ, ಚಹಾ ಸಿದ್ಧವಾಗಿದೆ ಎನ್ನುವ ಧಾಟಿಯಲ್ಲಿ ಹೇಳಿ ಮುಗಿಸಿದ.

"ಶಿನು ಹಾದಾ?" ಎಂದು ಮುಂದಿನ ಸಾಲಿನವನೊಬ್ಬ ಎದ್ದು ನಿಂತ. ಇದೇನಿದು ಎಂದು ಅರ್ಥ. ಇನ್ನೊಬ್ಬ ಹ್ಯಾಂಡಲ್ಲಿನ ಎಡಗಡೆ ಕೈಯಾಡಿಸಿ ಕ್ಲಚ್ ಹುಡುಕಿದ, ಸಿಗದೆ ಕೈ ಕೊಡವಿದ. "ಇದು ನಮ್ಮಜ್ಜಿ ಆಡು ಹುಡುಕಲು ಹೋಗುವ ಗಾಡಿ" ಎಂದ ಮತ್ತೊಬ್ಬ. ನಗೆಯೆದ್ದಿತು, ನಗೆ ಮುಗಿದ ಮೇಲೆ ಬೈಗುಳ ಶುರುವಾಯಿತು. ಎಂಟು ವರ್ಷ ನಿಮ್ಮ ಗಾಡಿ ಬಿಟ್ಟು ಬೇರೆ ಮುಟ್ಟಿಲ್ಲ, ನಮ್ಮನ್ನು ಒಂದು ಮಾತು ಕೇಳಿದಿರಾ ಎಂದು ಒಬ್ಬ ಮೇಜು ಗುದ್ದಿದ. ಅರ್ಧಕ್ಕರ್ಧ ಜನ ಚಹಾ ಮುಟ್ಟದೆ ಎದ್ದು ಹೋದರು. ಅವರ ಸಿಟ್ಟು ನನ್ನದೂ ಆಗಿತ್ತು.

ನನ್ನ ಪಕ್ಕದಲ್ಲಿ ನಿಂತಿದ್ದವನು ನಮ್ಮ ಕೌಂಟರಿನವನು. ಉಡುಪಿ ಕಡೆಯವನು, ಮನೆಯಲ್ಲಿ ತುಳು, ಕೌಂಟರಿನಲ್ಲಿ ನೀರು ಕುಡಿದಷ್ಟು ಸಲೀಸಾಗಿ ಅರಬ್ಬಿ. "ಎಂತ ಮಾರಾಯ್ರೆ ಇದು, ನಾಳೆಯಿಂದ ಬೈಗುಳ ತಿನ್ಲಿಕ್ಕೆ ನಾನುಂಟಲ್ಲ" ಎಂದ.

"ನಿನಗ ಬರೇ ಬೈಗುಳಾ. ಬಿಚ್ಚಿ ನೋಡಾವ ನಾನಪಾ" ಎಂದೆ.

ಅಂದು ಸಂತೋಷಪಟ್ಟವರು ಒಬ್ಬರೇ. ಅಗ್ನಿಶಾಮಕ ದಳದಿಂದ ನಿವೃತ್ತರಾಗಿದ್ದ ಒಬ್ಬ ಹಿರಿಯರು. ನಾವೆಲ್ಲ ಅವರನ್ನು ಹಾಜಿ ಎನ್ನುತ್ತಿದ್ದೆವು. ಅವರ ತಂದೆ ಹಾಯಿಹಡಗಿನಲ್ಲಿ ಮುಂಬಯಿಗೆ ಖರ್ಜೂರ ಸಾಗಿಸಿದವರಂತೆ. ಆ ನೆನಪಿಗೆ ಹಾಜಿಯ ಬಾಯಲ್ಲೂ ಒಂದಿಷ್ಟು ಹಿಂದಿ ಉಳಿದಿತ್ತು, ನನ್ನ ಜೊತೆ ಅದರಲ್ಲೇ ಮಾತು. ನೌಕರಿಯಲ್ಲಿದ್ದಾಗ ಅವರ ಎಡಪಾದದ ಮೇಲೆ ಲಾರಿ ಹರಿದು ಬೆರಳುಗಳು ಹೋಗಿದ್ದವು. ಬಗ್ಗಿಯ ಗೇರು ಬದಲಿಸುವುದು ಎಡಗಾಲಿನಿಂದ. ಹಾಗಾಗಿ ಆರು ವರ್ಷದಿಂದ ಅವರು ಡೇರೆಯ ಮುಂದೆ ಕುರ್ಚಿ ಹಾಕಿಕೊಂಡು ಮಿಕ್ಕವರು ಓಡಿಸುವುದನ್ನು ನೋಡುತ್ತಿದ್ದರು. ಎಲ್ಲರೂ ಬೈದು ಹೋದ ಮೇಲೆ ಅವರು ಕೋಲೂರಿಕೊಂಡು ಬಂದು, ಆ ಅಜ್ಜಿಯ ಗಾಡಿಯ ಮೇಲೆ ಕೂತು, ಹೆಬ್ಬೆರಳಿನ ಲಿವರನ್ನು ಎರಡು ಸಲ ಒತ್ತಿ ನೋಡಿದರು. "ಭಾಯಿ, ಎಡಗಾಲಿಗೆ ಕೆಲಸವೇ ಇಲ್ಲವಾ?" ಎಂದು ಕೇಳಿದರು. ಇಲ್ಲ ಎಂದೆ. ಮರುದಿನವೇ ಹಣ ಕಟ್ಟಿದ ಮೊದಲ ಗಿರಾಕಿ ಅವರು.

ಇನ್ನು ಮರಳು ಕೆಲಸದ ವಿಷಯ. ಅದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ. ಕುವೈತಿನ ಮರಳು ಕಡಲತೀರದ ಮರಳಲ್ಲ, ಹಿಟ್ಟಿನಷ್ಟು ನುಣುಪು. ಕಂಪನಿ ಕೊಡುವ ಗಾಳಿಸೋಸಕದಲ್ಲಿ ಅದು ನಿಲ್ಲುವುದಿಲ್ಲ, ಎಂಜಿನ್ನಿಗೆ ನುಗ್ಗಿ ಪಿಸ್ಟನ್ನನ್ನು ಉಜ್ಜಿ ತೆಗೆಯುತ್ತದೆ. ಅದಕ್ಕೆ ನಾನು ಬಹಳ ವರ್ಷಗಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದೆ. ಗಾಳಿ ಒಳಹೋಗುವ ಕೊಳವೆಯ ಬಾಯಿಗೆ ಅಳತೆಯಾಗಿ ಸ್ಪಂಜು ಕತ್ತರಿಸುವುದು, ಅದನ್ನು ಎಣ್ಣೆಯಲ್ಲಿ ನೆನೆಸಿ ಗಟ್ಟಿಯಾಗಿ ಹಿಂಡುವುದು, ಬಾಯಿಗೆ ತುರುಕುವುದು, ಮೇಲೆ ಹೆಂಗಸರ ನೈಲಾನ್ ಕಾಲುಚೀಲ ಎಳೆದು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುವುದು. ಈ ಕಾಲುಚೀಲಗಳನ್ನು ಖೈತಾನಿನ ನಮ್ಮ ಮನೆಯ ಕೆಳಗಿನ ಅಂಗಡಿಯಿಂದ ಡಜನ್ನುಗಟ್ಟಲೆ ತರುತ್ತಿದ್ದೆ. ಮೊದಲ ವರ್ಷ ಅಂಗಡಿಯವನು ನಿಮಗೆ ಎಷ್ಟು ಜನ ಹೆಂಡಿರು ಎಂದು ಕೇಳಿದ್ದ, ನನ್ನ ಹೆಂಡತಿ ಅವತ್ತಿನಿಂದ ಆ ಅಂಗಡಿಗೆ ಹೋಗುವುದನ್ನೇ ಬಿಟ್ಟಳು. ಆದರೆ ಮರಳು ಕೆಲಸ ಆಗದ ಬಗ್ಗಿಯನ್ನು ಯಾವ ಕುವೈತಿಯೂ ಮನೆಗೆ ಒಯ್ಯುತ್ತಿರಲಿಲ್ಲ. ನಿಮ್ಮ ಮುದುಕನ ಕೈ ಬಿದ್ದಿದೆಯೇ ಎಂದು ಶೋರೂಮಿನಲ್ಲೇ ಕೇಳುತ್ತಿದ್ದರು. ನನಗಾಗ ನಲವತ್ನಾಲ್ಕು. ಮುದುಕ ಎಂದದ್ದಕ್ಕೆ ಬೇಜಾರಿರಲಿಲ್ಲ, ಕೈಯನ್ನು ಹೊಗಳಿದ್ದು ಮನಸ್ಸಿಗೆ ಹಿತವಾಗಿತ್ತು.

ಹೊಸ ಮಾದರಿಯ ಮುಂಭಾಗದ ಪ್ಲಾಸ್ಟಿಕ್ ಬಿಚ್ಚಿದಾಗ ಒಂದರ ಪಕ್ಕ ಒಂದು ಎರಡು ಗಾಳಿಬಾಯಿಗಳು ಕಂಡವು. ಒಂದೇ ಅಳತೆ, ಒಂದೇ ಕಪ್ಪು ಕೊಳವೆ, ಎರಡೂ ಸೀಟಿನ ಕೆಳಗೆ ಹೋಗಿ ಮಾಯ. ಎಂಜಿನ್ ದೊಡ್ಡದು, ಗಾಳಿ ಹೆಚ್ಚು ಬೇಕು, ಎರಡು ಬಾಯಿ ಇಟ್ಟಿದ್ದಾರೆ ಎಂದುಕೊಂಡೆ. ಎರಡಕ್ಕೂ ಸ್ಪಂಜು ತುರುಕಿ, ಎರಡಕ್ಕೂ ಕಾಲುಚೀಲ ತೊಡಿಸಿದೆ. ಡಿಸೆಂಬರ್ ಬರುವಷ್ಟರಲ್ಲಿ ಮಾರಾಟವಾದ ಪ್ರತಿಯೊಂದು ಗಾಡಿಗೂ ಹಾಗೆಯೇ ಮಾಡಿದ್ದೆ.

ಹೊಸ ಗಾಡಿಯ ಸರ್ವಿಸ್ ಪುಸ್ತಕ ಸೀಡಿಯಲ್ಲಿ ಬಂದಿತ್ತು, ಸೀಡಿ ಮ್ಯಾನೇಜರರ ಡ್ರಾಯರಿನಲ್ಲಿತ್ತು. ಮೂರು ದಿನ ತರಬೇತಿ ಎಂದು ಕಂಪನಿ ಹೇಳಿದ್ದನ್ನು ನಮ್ಮ ಮ್ಯಾನೇಜರ್ ಸೀಸನ್ ಹತ್ತಿರ ಬಂತೆಂದು ಅರ್ಧ ದಿನಕ್ಕೆ ಇಳಿಸಿದ್ದರು. ಈ ಮಾತು ಹೇಳುವಾಗ ಈಗಲೂ ನನ್ನ ದನಿ ಏರುತ್ತದೆ. ಆದರೆ ಸೀಡಿ ಕೊಡಿ ಎಂದು ನಾನು ಕೇಳಲೂ ಇಲ್ಲ. ಹಿಮದ ದೇಶದವನು ಬರೆದ ಪುಸ್ತಕ ನನಗೆ ಮರಳಿನ ಪಾಠ ಹೇಳುವುದೇ ಎಂಬ ಸೊಕ್ಕು ತಲೆಯಲ್ಲಿತ್ತು.

ನವೆಂಬರಿನ ಮೂರನೇ ವಾರ ಮೊದಲ ಗಾಡಿ ಬಂತು, ಪಿಕಪ್ಪಿನ ಬೆನ್ನ ಮೇಲೆ ಮಲಗಿಕೊಂಡು. ಬೆಲ್ಟಿನ ಡಬ್ಬಿ ಬಿಚ್ಚಿದೊಡನೆ ಸುಟ್ಟ ರಬ್ಬರಿನ ವಾಸನೆ ಮುಖಕ್ಕೆ ಹೊಡೆಯಿತು. ಬೆಲ್ಟು ಎರಡೂ ಬದಿಗೆ ಗಾಜಿನಂತೆ ಹೊಳೆಯುತ್ತಿತ್ತು, ಒಂದು ಕಡೆ ಕಿತ್ತು ಒಳಗಿನ ನೂಲು ಪುಲ್ಲಿಗೆ ಸುತ್ತಿಕೊಂಡಿತ್ತು. ಜಾರಿ ಜಾರಿ ಬಿಸಿಯಾಗಿ ಸುಟ್ಟದ್ದು, ಅನುಮಾನವಿಲ್ಲ. ಆ ವಾರ ಒಂದು, ಮುಂದಿನ ವಾರ ಐದು. ಆಮೇಲೆ ಶನಿವಾರ ಬೆಳಗ್ಗೆ ಗೇಟು ತೆರೆಯುವ ಮೊದಲೇ ಪಿಕಪ್ಪುಗಳು ಸಾಲುಗಟ್ಟಿರುತ್ತಿದ್ದವು. ಮೊದಲೇ ಕ್ಲಚ್ ಕಿತ್ತುಕೊಂಡಿದ್ದಕ್ಕೆ ಕೆಂಡವಾಗಿದ್ದ ಜನ ಈಗ ಬೆಂಕಿಯೇ ಆದರು. ಒಂದು ಗುಂಪಂತೂ ಹನ್ನೊಂದು ಸತ್ತ ಬಗ್ಗಿಗಳನ್ನು ತಂದು ಶೋರೂಮಿನ ಗಾಜಿನ ಬಾಗಿಲಿಗೆ ಅಡ್ಡಲಾಗಿ ನಿಲ್ಲಿಸಿ, ಕೀಲಿಗಳನ್ನೆಲ್ಲ ಒಂದು ಚಹಾ ಲೋಟಕ್ಕೆ ಹಾಕಿ ಕೌಂಟರಿನವನ ಮುಂದಿಟ್ಟು ಹೋಯಿತು.

ನಮ್ಮ ಸರ್ವಿಸ್ ಮ್ಯಾನೇಜರ್ ಮುಂಬಯಿಯವರು. ನನ್ನನ್ನು ಕ್ಯಾಬಿನ್ನಿಗೆ ಕರೆದು ಕಂಪನಿಯ ಈಮೇಲ್ ತೋರಿಸಿದರು. ಗೇರಿಲ್ಲದಿದ್ದರೂ ಈ ಗಾಡಿಗೆ ನಿಧಾನವೋ ವೇಗವೋ ಎಂದು ಆರಿಸಲು ಕೈಯಿಂದ ಸರಿಸುವ ಒಂದು ಲಿವರ್ ಇತ್ತು. ಮೆತ್ತನೆ ಮರಳಿನಲ್ಲಿ ನಿಧಾನದ ಎಲ್ ಸ್ಥಾನದಲ್ಲಿ ಓಡಿಸಬೇಕಾದ ಗಾಡಿಯನ್ನು ವೇಗದ ಎಚ್ ಸ್ಥಾನದಲ್ಲಿ ಓಡಿಸಿದರೆ ಬೆಲ್ಟು ಸುಡುತ್ತದೆ, ಅದು ಮಾಲೀಕರ ತಪ್ಪು, ವಾರಂಟಿ ಅನ್ವಯಿಸುವುದಿಲ್ಲ ಎಂದಿತ್ತು.

"ಭಾಯಿ, ಕಾರಣದ ಜಾಗದಲ್ಲಿ ಇದನ್ನೇ ಬರಿ. ಎಲ್ಲದಕ್ಕೂ" ಎಂದರು.

"ಎಲ್ಲರೂ ಹಾಗೇ ಓಡಿಸಿದ್ದಾರೆಂದು ನನಗೆ ಹೇಗೆ ಗೊತ್ತಾಗಬೇಕು ಸಾಬ್?" ಎಂದು ಹಿಂದಿಯಲ್ಲಿ ಕೇಳಿದೆ.

"ಹಾಗೆ ಓಡಿಸಿಲ್ಲ ಎಂದು ನಿನಗೆ ಗೊತ್ತಾ?" ಎಂದರು.

ಗೊತ್ತಿರಲಿಲ್ಲ. ಕಂಪನಿಯ ಬೆಲ್ಟೇ ಕೆಟ್ಟದ್ದು ಎಂಬುದು ನನ್ನ ನಂಬಿಕೆ, ಆದರೆ ಪುರಾವೆ ಇರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಜೊತೆ ವಾದ ಯಾಕೆ ಎಂದುಕೊಂಡು ಪೆನ್ನು ತೆಗೆದೆ. ಒಂದಾದ ಮೇಲೊಂದು ಫಾರಮ್ಮಿನಲ್ಲಿ ಇಂಗ್ಲಿಷಿನಲ್ಲಿ ಅದೇ ಎರಡು ಸಾಲು ಬರೆದು ಸಹಿ ಹಾಕಿದೆ. ಬರೆದು ಬರೆದು ಅದು ರೂಢಿಯಾಯಿತು. ಆ ರೂಢಿಯಲ್ಲೇ ಒಂದು ದಿನ ಹಾಜಿಯ ಗಾಡಿ ಬಂತು.

ಅವರದು ಅದಾಗಲೇ ಮೂರನೇ ಬೆಲ್ಟು. ಮೊದಲೆರಡನ್ನು ತಾವೇ ಖರೀದಿಸಿ ಹಾಕಿಸಿಕೊಂಡು ಹೋಗಿದ್ದರು, ತಕರಾರು ಮಾಡಿರಲಿಲ್ಲ. ಮೂರನೆಯದಕ್ಕೆ ವಾರಂಟಿ ಕೇಳಿದರು. ಅವರ ಗಾಡಿಯ ಲಿವರ್ ಎಲ್ ಸ್ಥಾನದಲ್ಲಿತ್ತು, ಅದು ಅಲ್ಲಿಂದ ಅಲ್ಲಾಡದ ಹಾಗೆ ಕೆಂಪು ಟೇಪು ಸುತ್ತಿದ್ದರು. ಟೇಪಿನ ಮೇಲೆ ಕೂತ ಧೂಳು ನೋಡಿದರೆ ಸೀಸನ್ ಶುರುವಾದಾಗಿನಿಂದ ಅದನ್ನು ಬಿಚ್ಚಿಯೇ ಇಲ್ಲ ಎಂದು ಯಾರಿಗೂ ತಿಳಿಯುತ್ತಿತ್ತು. ನನಗೂ ತಿಳಿಯಿತು. ಆದರೂ ಬರೆದೆ. ಹೊರಗೆ ಇನ್ನೂ ಏಳು ಗಾಡಿ ಕಾಯುತ್ತಿದ್ದವು, ಮ್ಯಾನೇಜರ್ ಕಿಟಕಿಯಲ್ಲಿ ನಿಂತಿದ್ದರು. ಇವು ನೆಪಗಳೆಂದು ಬರೆಯುವಾಗಲೇ ನನಗೆ ಗೊತ್ತಿತ್ತು.

ಹಾಜಿ ಫಾರಮ್ ಹಿಡಿದುಕೊಂಡು ಒಳಗೆ ಬಂದರು. "ಇದನ್ನು ನೀನು ಬರೆದೆಯಾ?" ಎಂದರು. ಹೌದು ಎಂದೆ.

"ನನ್ನ ತಪ್ಪು ಅಂತ?"

ನಾನು ಮುಂದಿನ ಗಾಡಿಯ ಫಾರಮ್ಮನ್ನು ಹತ್ತಿರ ಎಳೆದುಕೊಂಡೆ.

"ಡೇರೆಯಲ್ಲಿ ನನ್ನ ತಮ್ಮಂದಿರು ಏನು ಹೇಳುತ್ತಾರೆ ಗೊತ್ತಾ? ಕುಂಟನಿಗೆ ಯಾಕೆ ಬೇಕು ಬಗ್ಗಿ, ಓಡಿಸಲು ಬರುವುದಿಲ್ಲ, ಸುಡುತ್ತಾನೆ ಅಂತ. ಈಗ ನೀನೂ ಅದನ್ನೇ ಬರೆದು ಕೊಟ್ಟಿದ್ದೀಯ. ಇನ್ನು ನಾನು ಕುರ್ಚಿಯಲ್ಲೇ ಕೂರಬೇಕು, ಅಷ್ಟೇ ಅಲ್ಲವಾ?" ಎಂದರು. ದನಿ ಏರಿಸಲಿಲ್ಲ. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಫಾರಮ್ಮನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದರು.

ಅವತ್ತು ಕಂಪನಿಯ ಮೇಲೆ, ಮ್ಯಾನೇಜರರ ಮೇಲೆ, ಆ ಹಿಮದ ಚಿತ್ರದ ಮೇಲೆ ಸಿಟ್ಟು ಕುದಿಯಿತು. ತಾವು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸುತ್ತಿದ್ದಾರೆ, ಒರೆಸುವ ಕೈ ನನ್ನದು ಎಂದು ಹೆಂಡತಿಯ ಮುಂದೆ ಒದರಾಡಿದೆ. ಈ ಬೆಲ್ಟಿನ ದೋಷವನ್ನು ಸಾಬೀತು ಮಾಡಿಯೇ ತೀರುತ್ತೇನೆಂದು ನಿಶ್ಚಯಿಸಿ, ಆ ಶುಕ್ರವಾರ ರಜೆಯ ದಿನ ಒಂದು ಹೊಸ ಬೆಲ್ಟು, ಸ್ಪಾನರುಗಳು, ಪಿಸ್ತೂಲಿನ ಹಾಗೆ ಗುರಿಯಿಟ್ಟು ಬಿಸಿ ಅಳೆಯುವ ಯಂತ್ರ ತೆಗೆದುಕೊಂಡು ಹಾಜಿಯ ಡೇರೆಗೆ ಹೋದೆ. ಕೌಂಟರಿನವನು ತನ್ನ ಕಾರಿನಲ್ಲಿ ಕರೆದೊಯ್ದ.

ಹಾಜಿ ಬನ್ನಿ ಎನ್ನಲೂ ಇಲ್ಲ, ಹೋಗಿ ಎನ್ನಲೂ ಇಲ್ಲ. ಚಹಾ ಮಾತ್ರ ಕೊಡಿಸಿದರು. ನಾನು ಬೆಲ್ಟು ಬದಲಿಸಿದೆ, ಎಲ್ ಸ್ಥಾನದಲ್ಲೇ ಇಟ್ಟು ಪಕ್ಕದ ದಿಬ್ಬವನ್ನು ಏರಿಸಿ ಇಳಿಸಿದೆ. ಪ್ರತಿ ಸುತ್ತಿಗೂ ಕೌಂಟರಿನವನು ಬೆಲ್ಟಿನ ಡಬ್ಬಿಗೆ ಪಿಸ್ತೂಲು ಹಿಡಿದು ಓದುತ್ತಿದ್ದ. ನಾಲ್ಕನೇ ಸುತ್ತಿಗೆ ಅಂಕಿ ಎಷ್ಟು ಏರಿತೆಂದರೆ ಅವನು ಯಂತ್ರವೇ ಕೆಟ್ಟಿದೆಯೆಂದು ತಟ್ಟಿ ನೋಡಿದ. ನನಗೆ ಒಳಗೊಳಗೇ ಖುಷಿ. ಕೆಟ್ಟ ಬೆಲ್ಟು, ಸಾಕ್ಷಿ ಸಿಕ್ಕಿತು.

ತಣ್ಣಗಾಗಲಿ ಎಂದು ಮುಂದಿನ ಪ್ಲಾಸ್ಟಿಕ್ ಬಿಚ್ಚಿದೆ, ಬಿಚ್ಚಿದ ಮೇಲೆ ಕೈ ಸುಮ್ಮನಿರದೆ ನನ್ನದೇ ಸ್ಪಂಜುಗಳನ್ನು ಹೊರಗೆಳೆದೆ. ಬಲಬಾಯಿಯ ಸ್ಪಂಜಿನ ಹೊರಮೈಗೆ ಮರಳು ಅಂಟಿತ್ತು, ಒಳಮೈ ಸ್ವಚ್ಛ. ಸರಿಯಾಗಿಯೇ ಇದೆ. ಎಡಬಾಯಿಯದು ಹೊರಮೈ ಹಾಗೇ, ಆದರೆ ಒಳಮೈ ತುಂಬ ಕಾಡಿಗೆಯಂಥ ಕಪ್ಪು ಪುಡಿ. ಎಂಜಿನ್ನಿಗೆ ಗಾಳಿ ಎಳೆಯುವ ಕೊಳವೆಯಲ್ಲಿ ಒಳಗಿನಿಂದ ಕಪ್ಪು ಯಾಕೆ ಬರಬೇಕು? ಬೆರಳಿಗೆ ಹಚ್ಚಿ ಮೂಸಿದೆ. ಸುಟ್ಟ ರಬ್ಬರ್.

ಡೇರೆಯ ಬಾಗಿಲಲ್ಲಿ ಹಾಜಿಯ ಮನೆಯವರು ಇಟ್ಟಿದ್ದ ಬಖೂರಿನ ಧೂಪದ ಬಟ್ಟಲು ಹೊಗೆಯಾಡುತ್ತಿತ್ತು. ಕೇಳಿ ತಂದು ಆ ಎಡಬಾಯಿಗೆ ಹಿಡಿದೆ, ಕೌಂಟರಿನವನಿಗೆ ಎಂಜಿನ್ ಚಾಲೂ ಮಾಡಲು ಹೇಳಿದೆ. ಹೊಗೆ ಸರಕ್ಕನೆ ಒಳಹೋಯಿತು. ಅದು ಎಂಜಿನ್ನಿಗೆ ಹೋಗಿದ್ದರೆ ಅಲ್ಲೇ ಮುಗಿಯಬೇಕಿತ್ತು. ಕ್ಷಣದಲ್ಲಿ ಹಿಂದುಗಡೆ, ಬೆಲ್ಟಿನ ಡಬ್ಬಿಯಿಂದ ಹೊರಬರುವ ಕೊಳವೆಯಲ್ಲಿ, ಅದೇ ಸುವಾಸನೆಯ ಹೊಗೆ ಎಳೆಎಳೆಯಾಗಿ ಹೊರಬಂತು.

ಆ ಬಾಯಿ ಎಂಜಿನ್ನಿನದಲ್ಲ. ಬೆಲ್ಟನ್ನು ತಣ್ಣಗಿಡಲು ಗಾಳಿ ಒಯ್ಯುವ ಬಾಯಿ. ಅದನ್ನು ಎಣ್ಣೆ ಸ್ಪಂಜು ತುರುಕಿ, ಕಾಲುಚೀಲ ತೊಡಿಸಿ, ಉಸಿರು ಕಟ್ಟಿಸಿದವನು ನಾನು. ಎಲ್ಲ ಗಾಡಿಗಳಿಗೂ.

"ಎಂತ ಆಯ್ತು?" ಎಂದು ಕೌಂಟರಿನವನು ಕೇಳಿದ.

"ಇದು ನಂದ ಕೆಲಸಾಪಾ. ನಾನ ಬೆಲ್ಟಿನ ಬಾಯಿ ಮುಚ್ಚೀನಿ" ಎಂದೆ.

ಅವನು ಅತ್ತಿತ್ತ ನೋಡಿ ದನಿ ಇಳಿಸಿದ. "ಬಾಯಿ ಮುಚ್ಚಿ ಮಾರಾಯ್ರೆ. ಸ್ಪಂಜು ತೆಗೆದು ಬಿಸಾಡಿ, ಗಾಡಿ ಸರಿ ಆಗ್ತದೆ. ಯಾರಿಗೂ ಗೊತ್ತಾಗುದಿಲ್ಲ. ನಿಮ್ಮ ಇಕಾಮಾ, ಈ ದೇಶದಲ್ಲಿ ಇರ್ಲಿಕ್ಕೆ ಬೇಕಾದ ಪರ್ಮಿಟ್ಟು, ನಮ್ಮ ಡೀಲರನ ಕೈಯಲ್ಲಿ ಉಂಟಲ್ಲ, ಮಕ್ಕಳ ಶಾಲೆ ಉಂಟು."

ಹಾಜಿ ಹತ್ತಿರ ಬಂದು ಏನಾಯಿತೆಂದು ಕೇಳಿದರು. ಗಾಡಿ ಸರಿಹೋಗುತ್ತದೆ ಎಂದೆ. ಅಷ್ಟೇ ಹೇಳಿದೆ. ಸ್ಪಂಜನ್ನು ಜೇಬಿಗೆ ಹಾಕಿಕೊಂಡು ಊರಿಗೆ ವಾಪಸಾದೆ.

ಆ ಮುಂದಿನ ನಾಲ್ಕು ದಿನಗಳ ಬಗ್ಗೆ ನನಗೆ ಇಂದಿಗೂ ನಾಚಿಕೆಯಿದೆ. ಬರುವ ಗಾಡಿಗಳ ಎಡಬಾಯಿಯ ಸ್ಪಂಜನ್ನು ಸದ್ದಿಲ್ಲದೆ ಕಿತ್ತು ಕಸಕ್ಕೆ ಹಾಕುತ್ತಿದ್ದೆ, ಮೇಲೆ ಮಾಲೀಕರ ತಪ್ಪು ಎಂದೇ ಬರೆಯುತ್ತಿದ್ದೆ. ನಡುವೆ ಸೀಡಿ ಕೇಳಿ ತೆಗೆದುಕೊಂಡು ಓದಿದೆ. ಬೆಲ್ಟಿನ ಗಾಳಿಬಾಯಿ ಯಾವುದೆಂದು ಚಿತ್ರ ಸಮೇತ ಬರೆದಿತ್ತು. ಅರ್ಧ ಪುಟ, ಬಾಣದ ಗುರುತು. ಅದೇ ಪುಸ್ತಕದಲ್ಲಿ ಮರಳು ಎಂಬ ಪದ ಒಂದೇ ಒಂದು ಕಡೆ ಇರಲಿಲ್ಲ ಎಂಬುದೂ ನಿಜ. ಅದಕ್ಕೂ ಸಿಟ್ಟು ಬಂತು. ಆದರೆ ಆ ಸಿಟ್ಟಿನ ಹಿಂದೆ ಅಡಗಿಕೊಳ್ಳಲು ಜಾಗ ಸಾಲಲಿಲ್ಲ.

ನನ್ನ ಹೆಂಡತಿ ಜಾಬ್ರಿಯಾದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ನಾಲ್ಕನೇ ದಿನ ಅವಳಿಗೆ ಎಲ್ಲ ಹೇಳಿದೆ. ಪಾಪ ಎನ್ನುತ್ತಾಳೆಂದು ಕಾದೆ.

"ಅಲ್ರೀ, ನಮ್ಮ ಲ್ಯಾಬಿನ್ಯಾಗ ಒಬ್ಬರ ರಕ್ತದ ರಿಪೋರ್ಟ ಇನ್ನೊಬ್ಬರಿಗೆ ಹೋದ್ರ ಅವತ್ತ ಫೋನ್ ಮಾಡಿ ಹೇಳ್ತೀವಿ. ನೀವು ನಾಕ ದಿನದಿಂದ ಏನ್ ವಿಚಾರ ಮಾಡಾಕತ್ತೀರಿ?" ಎಂದಳು.

"ನೌಕರಿ ಹೋದ್ರ?"

"ಹೋದ್ರ ನನ್ನ ನೌಕರಿ ಐತಿ. ಆ ಮುದುಕಗ ಕುಂಟ ಅಂತ ಬರದ ಕೊಟ್ಟ ಬಂದೀರಲ್ಲ, ಅದನ್ನ ಯಾರು ಅಳಸ್ತಾರ?"

"ನಾ ಕುಂಟ ಅಂತ ಬರದಿಲ್ಲ" ಎಂದೆ.

"ಅವ್ರು ಹಂಗ ಓದ್ಯಾರ" ಎಂದು ಎದ್ದು ಹೋದಳು.

ಮರುದಿನವೇ ಕಂಪನಿಯ ಎಂಜಿನಿಯರ್ ಬಂದ, ಅದೇ ಹಿಮದ ದೇಶದಿಂದ. ಶೋರೂಮಿನಲ್ಲಿ ಮಧ್ಯಾಹ್ನ ಸಭೆ. ಬಗ್ಗಿಯ ಮಾಲೀಕರು ಐವತ್ತು ಮಂದಿಯ ಹತ್ತಿರ ಇದ್ದರು, ಹಾಜಿ ಕೊನೆಯ ಸಾಲಿನಲ್ಲಿ ಕೋಲಿಗೆ ಕೈಯೂರಿ ಕೂತಿದ್ದರು. ಎಂಜಿನಿಯರ್ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಈ ಬೆಲ್ಟನ್ನು ಎಷ್ಟು ಪರೀಕ್ಷಿಸಲಾಗಿದೆ ಎಂದು ಶುರುಮಾಡಿದ. ನಮ್ಮಲ್ಲಿ ಬೇಸಿಗೆಯಲ್ಲಿ ನಲ್ಲಿಯ ನೀರೇ ಕೈ ಸುಡುತ್ತದೆ ಎಂದು ಯಾರೋ ಕೂಗಿದರು. ಮ್ಯಾನೇಜರ್ ಎದ್ದು ನನ್ನ ಫಾರಮ್ಮುಗಳ ಕಟ್ಟನ್ನು ಎತ್ತಿ ತೋರಿಸಿದರು.

"ಇವು ಮೂವತ್ತಾರು ವರದಿಗಳು. ನಿಮ್ಮೆಲ್ಲರಿಗೂ ಗೊತ್ತಿರುವ, ನೀವೆಲ್ಲ ನಂಬುವ ನಮ್ಮ ಹಿರಿಯ ಮೆಕ್ಯಾನಿಕ್ ಸ್ವತಃ ಬಿಚ್ಚಿ ನೋಡಿ ಬರೆದದ್ದು. ಎಲ್ಲದರಲ್ಲೂ ಒಂದೇ ಕಾರಣ, ತಪ್ಪಾದ ಚಾಲನೆ" ಎಂದರು.

ನೀವೆಲ್ಲ ನಂಬುವ ಎಂಬ ಮಾತು ಕೇಳಿ ಮೈಯೆಲ್ಲ ಉರಿಯಿತು. ನಾನು ಮುಂದೆ ನಡೆದು ಜೇಬಿನಿಂದ ಸ್ಪಂಜು ತೆಗೆದು ಮೇಜಿನ ಮೇಲಿಟ್ಟೆ. ನನ್ನ ಮುರುಕು ಅರಬ್ಬಿ ಸಾಲದು ಎಂದು ಹಿಂದಿಯಲ್ಲೇ ಹೇಳಿದೆ, ಕೌಂಟರಿನವನಿಗೆ ಅರಬ್ಬಿಗೆ ತಿರುಗಿಸಲು ಹೇಳಿದೆ. ಪಾಪ, ಅವನು ಒಂದು ಅಕ್ಷರ ಬಿಡದೆ ತಿರುಗಿಸಿದ.

"ಈ ಮೂವತ್ತಾರೂ ಸುಳ್ಳು. ಬೆಲ್ಟಿನ ಗಾಳಿಬಾಯಿಯನ್ನು ಗೊತ್ತಿಲ್ಲದೆ ಮುಚ್ಚಿದವನು ನಾನು. ಗೊತ್ತಿಲ್ಲದೆ ಮಾಡಿದ್ದು ಒಂದು ತಪ್ಪು. ನಿಮ್ಮ ತಪ್ಪೆಂದು ಬರೆದದ್ದು ಇನ್ನೊಂದು, ಅದನ್ನು ಗೊತ್ತಿದ್ದೇ ಮಾಡಿದೆ. ಲಿವರಿಗೆ ಟೇಪು ಸುತ್ತಿದ್ದ ಗಾಡಿಯ ಮೇಲೂ ಬರೆದೆ."

ಇಷ್ಟು ದಿನ ಕಂಪನಿಯ ಮೇಲಿದ್ದ ಬೈಗುಳವೆಲ್ಲ ನನ್ನ ಕಡೆ ತಿರುಗಿತು. ನಿನ್ನ ಕೈ ನಂಬಿ ತಂದೆವಲ್ಲೋ ಎಂದು ಒಬ್ಬ ಮುಖದ ಹತ್ತಿರ ಬಂದು ಕೂಗಿದ. ಅವನು ಹೇಳಿದ್ದು ನ್ಯಾಯವೇ ಆಗಿತ್ತು. ಆದರೆ ಆ ಗದ್ದಲದ ನಡುವೆ ಎಂಜಿನಿಯರ್ ಮುಗುಳ್ನಕ್ಕು ನೋಟ್‌ಬುಕ್ ಮುಚ್ಚಿದ್ದನ್ನು ನೋಡಿದೆ ನೋಡಿ, ಆಗ ನನ್ನ ತಾಳ್ಮೆ ಪೂರ್ತಿ ಹರಿಯಿತು. "ಹಾಗಾದರೆ ವಿನ್ಯಾಸದಲ್ಲಿ ದೋಷವಿಲ್ಲ" ಎಂದ ಅವನು.

"ದೋಷ ಇಲ್ಲವಾ? ಬನ್ನಿ. ಪೆಟ್ಟಿಗೆಯಿಂದ ಈಗ ತೆಗೆದ ಗಾಡಿ, ಸ್ಪಂಜಿಲ್ಲ, ಏನಿಲ್ಲ. ಎರಡು ದಿನ ನಾನು ಓಡಿಸುತ್ತೇನೆ, ನೀವು ಪಕ್ಕದಲ್ಲಿ ನಿಂತಿರಿ. ಆಮೇಲೆ ಡಬ್ಬಿ ಬಿಚ್ಚೋಣ" ಎಂದೆ. ಇದನ್ನು ಮಾಲೀಕರು ಹಿಡಿದುಕೊಂಡರು. ಬೈಯುತ್ತಿದ್ದವರೇ ಯಲ್ಲಾ, ಯಲ್ಲಾ, ನಡೆಯಿರಿ ಎಂದು ಎದ್ದರು. ಎಂಜಿನಿಯರಿಗೆ ಬೇರೆ ದಾರಿಯಿರಲಿಲ್ಲ.

ಎರಡು ದಿನ ಬೆಳಗಿನಿಂದ ಸಂಜೆಯ ತನಕ ಓಡಿಸಿದೆ. ಬೆಲ್ಟು ಸುಡಲಿಲ್ಲ. ಆದರೆ ಡಬ್ಬಿ ಬಿಚ್ಚಿದಾಗ ಒಳಗಿನಿಂದ ಒಂದು ಬೊಗಸೆ ಮರಳು ಎಂಜಿನಿಯರನ ಹೊಳೆಯುವ ಬೂಟಿನ ಮೇಲೆ ಸುರಿಯಿತು. ಪುಲ್ಲಿಯ ಮೈ ಆಗಲೇ ಗೀರು ಬಿದ್ದಿತ್ತು. ಚಕ್ರ ಎರಚುವ ಮರಳು ನೇರ ಬೀಳುವಲ್ಲಿ, ಅಷ್ಟು ಕೆಳಗೆ ಬಾಯಿ ಇಟ್ಟಿದ್ದರು. ಹಿಮವಾದರೆ ಕರಗಿ ನೀರಾಗಿ ಹೋಗುತ್ತದೆ, ಮರಳು ಎಲ್ಲಿಗೆ ಹೋಗಬೇಕು? ಎಂಜಿನಿಯರ್ ಬೂಟು ಕೊಡವಿಕೊಂಡ. ಆಮೇಲೆ ಫೋಟೋ ತೆಗೆದ, ಅಳತೆ ತೆಗೆದ, ನನ್ನ ಸ್ಪಂಜನ್ನೂ ಕೇಳಿ ತೆಗೆದುಕೊಂಡ. ಫೆಬ್ರವರಿಯ ಕೊನೆಗೆ, ಸೀಸನ್ ಮುಗಿಯಲು ಬಂದಾಗ, ಗಾಳಿಬಾಯಿಗಳನ್ನು ಹ್ಯಾಂಡಲ್ಲಿನ ಎತ್ತರಕ್ಕೆ ಏರಿಸುವ ಕೊಳವೆಗಳೂ ದೊಡ್ಡ ಸೋಸಕಗಳೂ ಕಂಪನಿಯಿಂದ ಬಂದವು. ಜೊತೆಗೆ ಬಂದ ಪತ್ರದಲ್ಲಿ ಅದನ್ನು ಸುಧಾರಣೆ ಎಂದಿದ್ದರು. ತಪ್ಪಾಯಿತು ಎಂಬ ಮಾತು ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲಿಲ್ಲ.

ನನ್ನನ್ನು ಮನೆಗೆ ಕಳಿಸಲಿಲ್ಲ. ಅಷ್ಟು ಗಾಡಿಗಳಿಗೆ ಕೊಳವೆ ಏರಿಸಲು ಕೈ ಬೇಕಿತ್ತು. ಸಹಿ ಹಾಕುವ ಅಧಿಕಾರವನ್ನು ಮಾತ್ರ ಕಿತ್ತುಕೊಂಡರು. ಕಿತ್ತುಕೊಳ್ಳುವ ಮೊದಲು ನಾನು ಒಂದು ಹಟ ಹಿಡಿದೆ. ಮೂವತ್ತಾರು ಫಾರಮ್ಮುಗಳನ್ನೂ ನಾನೇ ಮತ್ತೆ ಬರೆಯಬೇಕು. ಒಂದು ಪತ್ರ ಟೈಪು ಮಾಡಿ ಎಲ್ಲರಿಗೂ ಕಳಿಸಿದರಾಯಿತು ಎಂದರು ಮ್ಯಾನೇಜರ್. ಸುಳ್ಳನ್ನು ಒಂದೊಂದಾಗಿ ಬರೆದಿದ್ದೇನೆ ಸಾಬ್, ನಿಜವನ್ನೂ ಹಾಗೇ ಬರೆಯುತ್ತೇನೆ ಎಂದೆ. ಕಾರಣದ ಜಾಗದಲ್ಲಿ ವರ್ಕ್‌ಶಾಪಿನ ತಪ್ಪು ಎಂದು ಬರೆದು, ಕೆಳಗೆ ನನ್ನ ಹೆಸರನ್ನು ಓದಲು ಬರುವಂತೆ ಬರೆದೆ. ಮೂರು ದಿನ ಹಿಡಿಯಿತು.

ಹಾಜಿಯ ಫಾರಮ್ಮನ್ನು ನಾನೇ ಅವರ ಡೇರೆಗೆ ಒಯ್ದು ಕೊಟ್ಟೆ. ಅವರು ಅದನ್ನು ತಮ್ಮಂದಿರ ಎದುರಿಗೆ ಗಟ್ಟಿಯಾಗಿ ಓದಿಸಿದರು. ಆಮೇಲೆ ಕೋಲು ಬದಿಗಿಟ್ಟು ಬಗ್ಗಿ ಏರಿ, ಎಲ್ಲರೂ ನೋಡುತ್ತಿದ್ದಂತೆ ದೊಡ್ಡ ದಿಬ್ಬದ ತುದಿ ಮುಟ್ಟಿ ಇಳಿದು ಬಂದರು. ತಮ್ಮಂದಿರು ಚಪ್ಪಾಳೆ ತಟ್ಟಿದರು. ನನಗೆ ಅನ್ನದ ತಟ್ಟೆಯ ಮುಂದೆ ತಮ್ಮ ಪಕ್ಕದಲ್ಲೇ ಜಾಗ ಕೊಟ್ಟರು, ದೊಡ್ಡ ಮಾಂಸದ ತುಂಡನ್ನು ನನ್ನ ಕಡೆ ಸರಿಸಿದರು. ನಾನು ತಿನ್ನುವುದಿಲ್ಲ ಎಂದು ನೆನಪಾಗಿ ನಕ್ಕು, ಮೊಸರು ತರಿಸಿದರು. ಎಲ್ಲ ಸರಿಹೋಯಿತು ಎಂದುಕೊಂಡೆ.

ಮಾರ್ಚಿನಲ್ಲಿ ಡೇರೆಗಳನ್ನು ಕಿತ್ತ ಮೇಲೆ ಹಾಜಿ ಗಾಡಿಯನ್ನು ವರ್ಷದ ಸರ್ವಿಸಿಗೆ ತಂದರು. ನಾನು ಕೌಂಟರಿನ ಹತ್ತಿರವೇ ಇದ್ದೆ. ನನ್ನ ಮಕ್ಕಳ ಪರೀಕ್ಷೆಯ ಬಗ್ಗೆ ಕೇಳಿದರು, ಹೆಂಡತಿಗೆ ಸಲಾಂ ಹೇಳಿದರು. ಕೀಲಿಗಾಗಿ ನಾನು ಕೈ ಚಾಚಿದೆ.

ಅವರು ಕೀಲಿಯನ್ನು ನನ್ನ ಕೈ ದಾಟಿಸಿ ಕೌಂಟರಿನ ಮೇಲಿಟ್ಟರು. "ಬೇಜಾರು ಮಾಡಿಕೊಳ್ಳಬೇಡ ಭಾಯಿ" ಎಂದು ನನಗೆ ಮೃದುವಾಗಿ ಹೇಳಿ, ಕೌಂಟರಿನವನ ಕಡೆ ತಿರುಗಿದರು. "ಇದನ್ನು ಬೇರೆ ಯಾರಾದರೂ ನೋಡಲಿ."

ಕೌಂಟರಿನವನು ತಲೆ ತಗ್ಗಿಸಿ ಚೀಟಿ ಬರೆಯತೊಡಗಿದ. ನಾನು ಚಾಚಿದ್ದ ಕೈಯನ್ನು ಹಿಂದಕ್ಕೆ ತಂದು ಹೆಗಲ ಮೇಲಿನ ಬಟ್ಟೆಗೆ ಒರೆಸಿಕೊಂಡೆ. ಅವತ್ತು ಅದಕ್ಕೆ ಎಣ್ಣೆ ಮೆತ್ತಿರಲಿಲ್ಲ.